ಮೋಟುಗೋಡೆಯ ಆಜ್ಞೆ

ಜೂನ್ 3, ಸೋಮವಾರ

ಬೆನ್ನು ಸೊಟ್ಟಗಾಗಿದೆ ಎಂದು ಅಂಗಡಿಯ ಯಜಮಾನರು ಮೂಲೆಗೆ ಎಸೆದಿದ್ದ ಒಂದು ಖಾಲಿ ಪುಸ್ತಕವನ್ನು ಕೇಳಿ ಮನೆಗೆ ತಂದೆ. "ಏನ್ ಮಾಡ್ತೀಯಮ್ಮ ಇದನ್ನ?" ಎಂದರು. "ಸುಮ್ನೆ" ಎಂದೆ. ಇಡೀ ದಿನ ಬೈಂಡಿಂಗ್ ಅಂಗಡಿಯಲ್ಲಿ ನಾನು ಆಡಿದ ಮಾತು ಅಷ್ಟೇ.

ಗಾರೆ ಕೆಲಸ ಮಾಡುತ್ತಿದ್ದ ನಮ್ಮ ಮನೆಯವರು ನಮ್ಮದೇ ತಾರಸಿಯಿಂದ ಬಿದ್ದು ತೀರಿಹೋಗಿ ಇವತ್ತಿಗೆ ನಾಲ್ಕು ತಿಂಗಳು.

ಹೊಸ ಕೆಲಸ ಬಂದಿದೆ. ವಯಸ್ಸಾದವರಿಗೆಂದು ದೊಡ್ಡ ಅಕ್ಷರದ ಬೈಬಲ್, ಆರು ಸಾವಿರ ಪ್ರತಿ. ಒಂದೊಂದು ಹಾಳೆಯಲ್ಲಿ ಹದಿನಾರು ಪುಟ, ಅರ್ಧ ತಲೆಕೆಳಗಾಗಿ ಅಚ್ಚಾಗಿರುತ್ತವೆ. ಮಡಿಸಿದರೆ ಸಾಲಾಗಿ ಕೂರುತ್ತವೆ. ಅದಕ್ಕೆ ಒಂದು ಫಾರಂ ಎನ್ನುತ್ತೇವೆ. ಒಬ್ಬರು ಒಂದು ಫಾರಂ ಹಿಡಿದರೆ ಆರು ಸಾವಿರವೂ ಮುಗಿಯುವ ತನಕ ಅದೇ. ನನಗೆ ಇಪ್ಪತ್ತೆರಡನೆಯದು ಬಂತು. ಪಕ್ಕದಲ್ಲಿ ಕೂರುವ ಹುಡುಗಿಗೆ ಇಪ್ಪತ್ತೊಂದು. ಅವಳ ಬಾಯಿ ನಿಲ್ಲುವುದಿಲ್ಲವೆಂದು ಎಲ್ಲರೂ ಅವಳನ್ನು ರೇಡಿಯೊ ಎನ್ನುತ್ತಾರೆ.

"ನಮ್ಮಿಬ್ರ ಪುಟಕ್ಕೂ ಕಾನೂನೇ ಬಂತಲ್ಲಕ್ಕ," ಎಂದಳು. "ಆ ಕಡೆ ಮೇಜಿನೋರಿಗೆ ರಾಜ, ರಾಣಿ, ಯುದ್ಧ. ನಮಗೆ ಮಾತ್ರ ಕೋರ್ಟು ಕಚೇರಿ." ನಾನು ಮುಂದಿನ ಹಾಳೆ ಎಳೆದುಕೊಂಡೆ.

ಸಂಜೆ ಪಕ್ಕದ ಬೀದಿಯ ಟೈಲರಮ್ಮ ಬಂದಿದ್ದರು. ಅತ್ತೆ ಎಂದಿನಂತೆ ಅದೇ ಮಾತು ಹೇಳಿದರು. "ಊರ ತಾರಸಿಗೆಲ್ಲ ಗೋಡೆ ಕಟ್ಟಿದ ನನ್ನ ಮಗ. ತನ್ನ ತಾರಸಿಗೆ ಒಂದು ಮೋಟುಗೋಡೆ ಕಟ್ಟೋಕೆ ಸೋಮಾರಿತನ. ಆ ಸೋಮಾರಿತನವೇ ಅವನನ್ನ ತಿಂತು."

ನಾನು ಒಳಗೆ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದೆ. ಹೆಚ್ಚುತ್ತಲೇ ಇದ್ದೆ.

ಜೂನ್ 5, ಬುಧವಾರ

ಇವತ್ತು ಒಂದು ವಿಚಿತ್ರ ನಡೆಯಿತು.

ಮಡಿಸುವಾಗ ಯಾರೂ ಓದುವುದಿಲ್ಲ. ಕಣ್ಣು ಪುಟದ ಅಂಕಿಯ ಮೇಲಿರುತ್ತದೆ, ಅಂಚಿಗೆ ಅಂಚು ಕೂಡಿಸಬೇಕು, ಮರದ ಪಟ್ಟಿಯಿಂದ ಮಡಿಕೆ ಒತ್ತಬೇಕು, ಅಷ್ಟೇ. ಆದರೆ ಒಂದೇ ಪುಟ ನೂರಾರು ಸಲ ಮುಖದ ಮುಂದೆ ಬಂದರೆ ಅದು ತಾನಾಗಿಯೇ ಒಳಗೆ ಇಳಿಯುತ್ತದೆ. ಹೀಗೆ ಇಳಿದದ್ದು ಒಂದು ಹಕ್ಕಿಯ ಮಾತು. ದಾರಿಯಲ್ಲಿ ಹೋಗುವಾಗ ಗೂಡು ಕಂಡರೆ, ತಾಯಿಹಕ್ಕಿ ಮರಿಗಳ ಮೇಲೋ ಮೊಟ್ಟೆಗಳ ಮೇಲೋ ಕೂತಿದ್ದರೆ, ತಾಯಿಯನ್ನೂ ಮರಿಗಳನ್ನೂ ಒಟ್ಟಿಗೆ ಹಿಡಿಯಬಾರದು. ತಾಯಿಯನ್ನು ಬಿಟ್ಟುಬಿಡಬೇಕು.

ಮೊದಲು ತಪ್ಪು ಓದಿದೆ ಅಂದುಕೊಂಡೆ. ಮುಂದಿನ ಹಾಳೆಯಲ್ಲಿ ಮತ್ತೆ ಓದಿದೆ. ಅದರ ಮುಂದಿನದರಲ್ಲೂ ಓದಿದೆ. ಅದೇ ಇತ್ತು.

ಅತ್ತೆಯ ಕೋಣೆಯಲ್ಲಿ ಹತ್ತು ಆಜ್ಞೆಗಳಿಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ಮಾಡಬಾರದು, ಮಾಡಬಾರದು, ಮಾಡಬಾರದು. ಅದನ್ನು ನೋಡಿದಾಗಲೆಲ್ಲ ನಮ್ಮ ಶಾಲೆಯ ಹೆಡ್‌ಮಾಸ್ತರು ಕೋಲು ಹಿಡಿದು ಜಗಲಿಯಲ್ಲಿ ನಿಂತಂತೆ ಅನ್ನಿಸುತ್ತಿತ್ತು. ನಮ್ಮ ಮನೆಯವರು ಹೋದ ಮೇಲೆ ಆ ಕೋಣೆಗೆ ಕಸ ಗುಡಿಸಲು ಹೋದರೂ ತಲೆ ಎತ್ತುತ್ತಿರಲಿಲ್ಲ.

ಆ ಹೆಡ್‌ಮಾಸ್ತರು ಬಗ್ಗಿ ಹಕ್ಕಿಗೂಡು ನೋಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ಜೂನ್ 6, ಗುರುವಾರ

ನಿನ್ನೆ ಬೇಗ ನಿದ್ದೆ ಬಂತು. ಯಾಕೋ ಗೊತ್ತಿಲ್ಲ.

ಇವತ್ತು ಕೈ ಮಡಿಸುತ್ತಿತ್ತು, ತಲೆ ಬೇರೆಲ್ಲೋ ಓಡುತ್ತಿತ್ತು. ಒಬ್ಬರು ಏನು ಬೇಡವೆನ್ನುತ್ತಾರೋ ಅದರಿಂದ ಅವರು ಎಂಥವರೆಂದು ತಿಳಿಯುತ್ತದೆ. ಯಜಮಾನರು ದಿನಕ್ಕೆ ಹತ್ತು ಸಲ "ಅಂಟು ಜಾಸ್ತಿ ಬಳಿಬೇಡಿ" ಎನ್ನುತ್ತಾರೆ. ಅವರ ಜೀವ ಅಂಟಿನ ಡಬ್ಬಿಯಲ್ಲಿದೆ. ನಮ್ಮಮ್ಮ "ಬಾಗಿಲ ಸಂದಿಗೆ ಬೆರಳು ಕೊಡಬೇಡ" ಎನ್ನುತ್ತಿದ್ದಳು. ಅವಳ ಜೀವ ನನ್ನ ಬೆರಳಲ್ಲಿತ್ತು. ಇಬ್ಬರೂ ಬೇಡ ಎಂದೇ ಅಂದದ್ದು.

ಹಾಗಾದರೆ ತಾಯಿಹಕ್ಕಿಯನ್ನು ಹಿಡಿಯಬೇಡ ಎಂದವನ ಜೀವ ಎಲ್ಲಿದೆ?

ಇದನ್ನು ಬರೆಯುವ ಹೊತ್ತಿಗೆ ಸಾರು ತಳ ಹಿಡಿಯಿತು. ಅತ್ತೆ ಬೈದರು. ಬೈಸಿಕೊಂಡು ಬಂದು ಮತ್ತೆ ಬರೆಯುತ್ತಿದ್ದೇನೆ.

ಜೂನ್ 8, ಶನಿವಾರ

ಇನ್ನೊಂದು ಸಿಕ್ಕಿತು. ನನ್ನಿಂದ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

"ಏ, ಇಲ್ಲಿ ನೋಡೇ," ಎಂದೆ.

ರೇಡಿಯೊ ಹೌಹಾರಿ ನೋಡಿದಳು. ಹಾಳೆಯನ್ನಲ್ಲ, ನನ್ನನ್ನು. ನಾಲ್ಕು ತಿಂಗಳಲ್ಲಿ ನಾನಾಗಿ ಅವಳನ್ನು ಕರೆದದ್ದು ಇದೇ ಮೊದಲಂತೆ.

"ಹೊಸದಾಗಿ ಮದುವೆಯಾದವನನ್ನು ಯುದ್ಧಕ್ಕೆ ಕಳಿಸಬಾರದಂತೆ. ಬೇರೆ ಯಾವ ಕೆಲಸವನ್ನೂ ಹೊರಿಸಬಾರದಂತೆ. ಒಂದು ವರ್ಷ ಮನೆಯಲ್ಲೇ ಇರಬೇಕಂತೆ."

"ಯಾಕಂತೆ?"

"ಹೆಂಡತಿಯನ್ನು ಸಂತೋಷವಾಗಿ ಇಡೋಕಂತೆ. ಹಾಗೇ ಇದೆ, ನೋಡು."

ರೇಡಿಯೊ ಬಗ್ಗಿ ಓದಿದಳು. "ಅಯ್ಯೋ ದೇವ್ರೇ. ನನ್ನ ಗಂಡ ಮೂರನೇ ದಿನಕ್ಕೆ ಕೆಲಸಕ್ಕೆ ಹೋದ. ಹೋಗುವಾಗ ಬುತ್ತಿ ಬೇರೆ ಕಟ್ಟಿಸಿಕೊಂಡ."

ಅಂಟು ಕುದಿಸುವ ಅಜ್ಜ ಒಲೆಯ ಹತ್ತಿರದಿಂದ ಕೂಗಿದರು. ನಲವತ್ತು ವರ್ಷದಿಂದ ಇದೇ ಅಂಗಡಿಯಲ್ಲಿದ್ದಾರೆ. ಅವರಿಗೆ ಅಂಟಜ್ಜ ಎಂದೇ ಹೆಸರು. "ಲೇ, ಅದನ್ನ ಜೋರಾಗಿ ಓದಬೇಡಿ. ಯಜಮಾನ್ರ ಮಗನ ಮದುವೆ ಇದೆ. ವರ್ಷಪೂರ್ತಿ ರಜಾ ಕೇಳಿಬಿಟ್ಟಾನು."

ಎಲ್ಲರೂ ನಕ್ಕರು. ನಮ್ಮ ಮನೆಯವರು ಮದುವೆಯಾದ ಹೊಸದರಲ್ಲಿ ಕೆಲಸದಿಂದ ಬರುವಾಗ ಸಿಮೆಂಟು ಹಿಡಿದ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಬರುತ್ತಿದ್ದರು, ನಾನು ಮುಖ ಸಿಂಡರಿಸುತ್ತೇನೆಂದು. ಅದು ನೆನಪಾಯಿತು. ನೆನಪಾದರೂ ಅಳು ಬರಲಿಲ್ಲ.

ಜೂನ್ 10, ಸೋಮವಾರ

ಈಗ ಚಹಾದ ಹೊತ್ತಿಗೆ ಎಲ್ಲರೂ ಕೇಳುತ್ತಾರೆ, "ಏನಕ್ಕ, ಇವತ್ತೇನು ಸಿಕ್ತು?" ನನಗೆ ಹೇಳದಿದ್ದರೆ ಚಹಾ ಇಳಿಯುವುದಿಲ್ಲ.

ಇವತ್ತು ಮೂರು ಹೇಳಿದೆ. ಹೊಲದಲ್ಲಿ ಕುಯ್ದ ತೆನೆಯ ಒಂದು ಸಿವುಡು ಮರೆತು ಬಂದರೆ ವಾಪಸು ಹೋಗಿ ತರಬಾರದು. ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ. ತೆನೆ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬಾರದು. ಕೆಲಸ ಮಾಡುವ ಪ್ರಾಣಿ ನಡುವೆ ನಾಲ್ಕು ಕಾಳು ತಿನ್ನಲಿ. ಮೂರನೆಯದು ನನಗೆ ಎಲ್ಲಕ್ಕಿಂತ ಹಿಡಿಸಿತು. ಸಾಲ ಕೊಟ್ಟವನು ಒತ್ತೆಯ ವಸ್ತು ತರಲು ಹೋದರೆ ಬಡವನ ಮನೆಯೊಳಗೆ ನುಗ್ಗಬಾರದು. ಹೊರಗೆ ನಿಲ್ಲಬೇಕು. ಒಳಗಿನವನು ತಾನೇ ತಂದು ಕೊಡಬೇಕು.

"ಅಂದ್ರೆ ಹೊಸ್ತಿಲ ಹತ್ರ ದೇವರೇ ಕೈ ಅಡ್ಡ ಹಿಡಿದ ಹಾಗೆ," ಎಂದರು ಅಂಟಜ್ಜ.

"ಅದೇ ಅಜ್ಜ," ಎಂದೆ. "ಒಳಗೆ ಏನಿದೆ ಏನಿಲ್ಲ ಅಂತ ಹೊರಗಿನವನು ನೋಡಬಾರದು. ಖಾಲಿ ಡಬ್ಬ ಯಾರಿಗೂ ಕಾಣಬಾರದು. ಈ ದೇವರು ಬಡವರ ಮನೆಯೊಳಗೆ ಕೂತು ಎದ್ದಿದ್ದಾನೆ. ಇಲ್ಲದಿದ್ದರೆ ಇದು ಹೊಳೆಯೋದಿಲ್ಲ."

ಇಷ್ಟು ಉದ್ದದ ಮಾತು ನಾನೇ ಆಡಿದೆನೇ ಎಂದು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ನನ್ನ ಫಾರಂನಲ್ಲಿ ಕಲ್ಲೆಸೆದು ಕೊಲ್ಲುವ ಮಾತುಗಳೂ ಇವೆ. ಆ ಪುಟ ಬಂದಾಗ ಕೈ ಬೇಗ ಓಡುತ್ತದೆ. ಅವು ನನಗೆ ಅರ್ಥವಾಗುವುದಿಲ್ಲ. ಅರ್ಥವಾಯಿತೆಂದು ಬರೆದರೆ ಸುಳ್ಳು. ರೇಡಿಯೊ ಕೇಳಿದಾಗ ಹಾಗೇ ಹೇಳಿದೆ. "ನಂಗೂ ನನ್ನ ಅತ್ತೆ ಪೂರ್ತಿ ಅರ್ಥ ಆಗಿಲ್ಲಕ್ಕ, ಜೊತೇಲೇ ಇದೀನಿ," ಎಂದಳು.

ಜೂನ್ 11, ಮಂಗಳವಾರ

ಒಂದು ಹಾಳೆ ಮಡಿಸುವಾಗ ಹರಿಯಿತು. ಹರಿದದ್ದು ರದ್ದಿಗೆ. ಕೇಳಿ ಮನೆಗೆ ತಂದೆ.

ದಾರಿಯುದ್ದಕ್ಕೂ ಆತುರ. ಕೆಲಸ ಮಾಡುವಾಗ ಹಾಳೆಯ ಒಂದು ಮೈ ಮಾತ್ರ ನನಗೆ ಸರಿಯಾಗಿ ಕಾಣುತ್ತದೆ. ಇನ್ನೊಂದು ಮೈ ಮೇಜಿನ ಕಡೆಗೆ, ಅದು ಮಡಿಕೆಯೊಳಗೆ ಸರಿದುಹೋಗುತ್ತದೆ. ಹಕ್ಕಿಯ ಮಾತು ಪುಟದ ಕೊನೆಯ ಸಾಲಿಗೆ ಮುಗಿಯುತ್ತದೆ. ಅದರ ಬೆನ್ನಿನ ಪುಟದಲ್ಲಿ ಏನಿದೆಯೆಂದು ಆರು ದಿನದಿಂದ ನೋಡಿರಲಿಲ್ಲ. ಹಕ್ಕಿಯಾದ ಮೇಲೆ ಮೊಲ ಬಂದೀತೇನೋ ಅಂದುಕೊಂಡು ನಗುತ್ತಾ ನಡೆದೆ.

ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಹಾಳೆ ತಿರುಗಿಸಿದೆ.

ಹೊಸ ಮನೆ ಕಟ್ಟಿದರೆ ತಾರಸಿಯ ಸುತ್ತ ಮೋಟುಗೋಡೆ ಕಟ್ಟಬೇಕು ಎಂದಿತ್ತು. ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ಹೊಣೆ ನಿನ್ನ ಮನೆಯ ಮೇಲೆ ಬರುತ್ತದೆ, ಬರದಿರಲಿ ಎಂದಿತ್ತು.

ಜೂನ್ 12, ಬುಧವಾರ

ಮಡಿಸಿದೆ. ಏನೂ ಸಿಗಲಿಲ್ಲವೆಂದು ಹೇಳಿದೆ.

ಜೂನ್ 13, ಗುರುವಾರ

ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ.

ಜನವರಿಯ ಹೊತ್ತಿಗೆ ಅವರು ಇಟ್ಟಿಗೆ ತಂದು ಮುಗಿಸಿದ್ದರು. ಕೆಲಸದ ಕಡೆ ಉಳಿದದ್ದನ್ನು ಕೇಳಿಕೊಂಡು, ಸೈಕಲ್ಲಿನ ಹಿಂದೆ ಹತ್ತು ಹತ್ತಾಗಿ ಕಟ್ಟಿ, ಎರಡು ತಿಂಗಳು ಕೂಡಿಸಿದ ಇಟ್ಟಿಗೆ. "ಈ ಭಾನುವಾರ ತಾರಸಿಗೆ ಗೋಡೆ ಶುರು ಮಾಡ್ತೀನಿ," ಎಂದರು. ಅತ್ತೆ ಆ ತಿಂಗಳುಗಳಲ್ಲಿ ಮಗಳ ಮನೆಯಲ್ಲಿದ್ದರು. ಮನೆಯಲ್ಲಿ ನಾವಿಬ್ಬರೇ.

ನಾನು ಹೇಳಿದೆ, "ತಾರಸಿ ಎಲ್ಲಿಗೂ ಓಡಿ ಹೋಗಲ್ಲ. ಮೊದಲು ಅಡುಗೆಮನೆಗೆ ಒಂದು ಕಟ್ಟೆ ಮಾಡಿಕೊಡಿ. ನೆಲದ ಮೇಲೆ ಕೂತು ಬೇಯಿಸಿ ಬೇಯಿಸಿ ನನ್ನ ಸೊಂಟ ಬಿದ್ದುಹೋಗಿದೆ."

"ಅಪ್ಪಣೆ ಮಹಾರಾಣಿ," ಎಂದರು. ಎರಡು ಭಾನುವಾರದಲ್ಲಿ ಕಟ್ಟೆ ಎದ್ದಿತು. ಮೇಲೆ ನುಣ್ಣಗೆ ಕಲ್ಲು ಹಾಸಿಕೊಟ್ಟರು. ಇಟ್ಟಿಗೆ ಮುಗಿಯಿತು. ಆಮೇಲೆ ಫೆಬ್ರವರಿ ಮೂರು, ನೀರಿನ ತೊಟ್ಟಿಯ ಪೈಪು ಎಳೆಯುತ್ತಾ ಹಿಂದೆ ಹಿಂದೆ ನಡೆದರು. ನಾನು ಆ ಕಟ್ಟೆಯ ಮುಂದೆ ನೆಟ್ಟಗೆ ನಿಂತು ಅಡುಗೆ ಮಾಡುತ್ತಿದ್ದೆ.

ಅಲ್ಲಿಂದೀಚೆಗೆ ಒಂದು ದಿನವೂ ಆ ಕಟ್ಟೆಯ ಮೇಲೆ ಬೇಯಿಸಿಲ್ಲ. ನೆಲದ ಮೇಲೆ ಕೂರುತ್ತೇನೆ.

ಅತ್ತೆಗೆ ಇದು ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅವರು ಬಂದವರಿಗೆಲ್ಲ ಮಗ ಸೋಮಾರಿ ಎನ್ನುತ್ತಾರೆ, ನಾನು ಒಳಗೆ ಕೂತು ಕೇಳುತ್ತೇನೆ. ಸುಳ್ಳು ಸಾಕ್ಷಿ ಹೇಳಬಾರದು ಎಂದು ಅವರ ಕೋಣೆಯ ಗೋಡೆಯ ಮೇಲೇ ಇದೆ. ನಾನು ಏನೂ ಹೇಳಿಲ್ಲ. ಏನೂ ಹೇಳದಿರುವುದೇ ನನ್ನ ಸಾಕ್ಷಿ. ಹೇಳಿದರೆ ಅತ್ತೆಯ ಮನೆಯಲ್ಲಿ ಇರುವುದಾದರೂ ಹೇಗೆ? ನನಗೆ ಉಳಿದಿರುವವರು ಅವರೊಬ್ಬರೇ.

ಇಷ್ಟು ದಿನ ಈ ದೇವರು ಗೂಡಿನ ಹತ್ತಿರ ಬಗ್ಗುತ್ತಾನೆ, ಹೊಸ್ತಿಲಲ್ಲಿ ನಿಲ್ಲುತ್ತಾನೆ ಎಂದು ಕುಣಿದೆ. ಅವನು ನಮ್ಮ ತಾರಸಿಯ ಅಂಚನ್ನೂ ನೋಡಿದ್ದಾನೆ. ಅದನ್ನು ಓದಿದ ಮೇಲೂ ಅವನ ಮೇಲೆ ಸಿಟ್ಟು ಬರುತ್ತಿಲ್ಲ. ಅದೇ ಕಷ್ಟ. ಬಿದ್ದ ಮೇಲೆ ಬೈಯುವವನ ಮಾತಲ್ಲ ಅದು. ಇಟ್ಟಿಗೆ ಇನ್ನೂ ಅಂಗಳದಲ್ಲಿ ಇರುವಾಗ, ಯಾರೂ ಬೀಳುವ ಮೊದಲು, ಬಂದು ಹೇಳಿದ ಮಾತು. ಕೇಳಿಸಿಕೊಳ್ಳಬೇಕಾದ ಹೊತ್ತಿಗೆ ನನಗೆ ಕೇಳಿಸಲಿಲ್ಲ.

ಜೂನ್ 15, ಶನಿವಾರ

ಎಲ್ಲಿಂದ ಶುರು ಮಾಡಲಿ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ, ಪುಸ್ತಕವೇ ಸೊಟ್ಟ.

ಚಹಾದ ಹೊತ್ತಾಯಿತು. ರೇಡಿಯೊಗೆ ತಡೆಯಲಾಗಲಿಲ್ಲ. "ಅಕ್ಕ ಮೂರು ದಿನದಿಂದ ಏನೂ ಕೊಡ್ತಿಲ್ಲ. ಇವತ್ತು ನಾನು ಕೊಡ್ತೀನಿ. ನನ್ನ ಫಾರಂನಲ್ಲೂ ಒಂದು ಸಿಕ್ತು."

ಅವಳು ಅವಳದೇ ಧಾಟಿಯಲ್ಲಿ ಹೇಳಿದಳು. "ಇಬ್ರು ಕಾಡಿಗೆ ಮರ ಕಡಿಯೋಕೆ ಹೋಗ್ತಾರಂತೆ. ಒಬ್ಬ ಕೊಡಲಿ ಬೀಸ್ತಾನೆ. ಕೊಡಲಿ ಹಿಡಿಕೆಯಿಂದ ಕಳಚ್ಕೊಂಡು ಹಾರಿ ಇನ್ನೊಬ್ಬನಿಗೆ ಬಡಿಯುತ್ತೆ. ಸತ್ತೇ ಹೋಗ್ತಾನೆ. ಇವನಿಗೆ ಅವನ ಮೇಲೆ ಒಂದು ಚೂರೂ ಹಗೆ ಇರಲಿಲ್ಲ. ಈಗ ಸತ್ತವನ ಕಡೆಯೋರು ಇವನನ್ನ ಹುಡುಕ್ಕೊಂಡು ಬರ್ತಾರಲ್ಲ? ಅದಕ್ಕೆ ಅವನು ಓಡಿಹೋಗಿ ಬದುಕ್ಕೊಳ್ಳೋಕೆ ಅಂತ ಮೂರು ಊರು ಬೇರೆ ಇಡಬೇಕಂತೆ."

ನನ್ನ ಲೋಟ ಕೈಯಲ್ಲೇ ನಿಂತಿತು.

"ಇನ್ನೂ ಕೇಳಿ. ಊರು ಇಟ್ರೆ ಸಾಲ್ದು. ಅಲ್ಲಿಗೆ ದಾರಿ ಮಾಡಬೇಕಂತೆ. ದಾರಿ ತುಂಬಾ ದೂರ ಆಗಿಬಿಟ್ರೆ ನಡುವೆನೇ ಸಿಕ್ಕಿಬೀಳ್ತಾನೆ ಅಂತ."

"ರಸ್ತೆ ಹಾಕಿಸೋ ದೇವರು," ಎಂದರು ಅಂಟಜ್ಜ. "ನಮ್ಮ ಬೀದಿಗೂ ಒಂದ್ಸಲ ಬಂದುಹೋಗೋಕೆ ಹೇಳ್ರೇ."

ಎಲ್ಲರೂ ನಗುತ್ತಿದ್ದರು. ನಾನು ಅವಳ ಕೈಯಿಂದ ಹಾಳೆ ಕಿತ್ತುಕೊಂಡು ಓದಿದೆ. ಹೌದು, ದಾರಿಯ ಮಾತು ಇತ್ತು. ಓಡುವವನ ಕಾಲು ಸೋಲುತ್ತದೆ ಎಂದು ಮೊದಲೇ ಯೋಚಿಸಿ, ಅವನಿನ್ನೂ ಕೊಡಲಿ ಎತ್ತುವ ಮೊದಲೇ, ದಾರಿ ಅಳೆದು ಇಟ್ಟಿದ್ದಾನೆ. ನನ್ನ ಫಾರಂಗೂ ಅವಳ ಫಾರಂಗೂ ಹೊಲಿಗೆಯ ಒಂದು ದಾರ ಮಾತ್ರ ಅಂತರ. ಒಂದರಲ್ಲಿ ರಕ್ತದ ಹೊಣೆ ಬರುತ್ತದೆ ಎನ್ನುತ್ತಾನೆ, ಇನ್ನೊಂದರಲ್ಲಿ ಬೇಕೆಂದು ಮಾಡದವನಿಗೆ ರಸ್ತೆ ಹಾಕಿಸುತ್ತಾನೆ. ಇಬ್ಬರಲ್ಲ, ಒಬ್ಬನೇ. ಹೊಣೆ ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಹೊಣೆ ಹೊತ್ತವನನ್ನು ಬೀದಿಯಲ್ಲಿ ಸಾಯಲು ಬಿಡುವುದೂ ಇಲ್ಲ.

"ಆ ಊರು ಸೇರಿದ ಮೇಲೆ ಏನಾಗುತ್ತೆ ಅಜ್ಜ?" ಎಂದು ಕೇಳಿದೆ. ನಲವತ್ತು ವರ್ಷದಲ್ಲಿ ಎಷ್ಟೋ ಸಲ ಇದೇ ಪುಸ್ತಕಕ್ಕೆ ರಟ್ಟು ಹಾಕಿದವರು.

ಅಂಟು ಕದಡುತ್ತಲೇ ಹೇಳಿದರು. "ಮುಂದೆಲ್ಲೋ ಬರುತ್ತೆ ತಾಯಿ. ಊರ ಬಾಗಿಲಲ್ಲಿ ನಿಂತು, ಹಿರಿಯರ ಮುಂದೆ, ಹಿಂಗಿಂಗಾಯ್ತು ಅಂತ ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಒಳಗೆ ಕರ್ಕೋತಾರೆ, ಇರೋಕೆ ಜಾಗ ಕೊಡ್ತಾರೆ."

"ಹೇಳದಿದ್ರೆ?"

"ಹೇಳದಿದ್ರೆ ಬಾಗಿಲ ಹೊರಗೇ ನಿಂತಿರಬೇಕಪ್ಪ. ಇನ್ನೇನು?"

ಮನೆಗೆ ಹೆಚ್ಚುಕಡಿಮೆ ಓಡಿಯೇ ಬಂದೆ.

ಜೂನ್ 16, ಭಾನುವಾರ

ಹೇಳಿದೆ.

ಬೆಳಿಗ್ಗೆ ಮೇಸ್ತ್ರಿ ಬಂದಿದ್ದರು. ನಮ್ಮ ಮನೆಯವರ ಜೊತೆ ಹದಿನೈದು ವರ್ಷ ಕೆಲಸ ಮಾಡಿದವರು, ತಿಂಗಳಿಗೊಮ್ಮೆ ಬಂದು ಅತ್ತೆಯನ್ನು ಮಾತಾಡಿಸಿ ಹೋಗುತ್ತಾರೆ. ಅತ್ತೆ ಅದೇ ಶುರು ಮಾಡಿದರು. "ನಿನ್ನ ಜೊತೆ ಊರಿಗೆಲ್ಲ ಗೋಡೆ ಕಟ್ಟಿದ. ತನ್ನ ಮನೆಗೆ ಕಟ್ಟೋಕೆ ಸೋಮಾರಿ."

ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಅವರು ಸೋಮಾರಿ ಅಲ್ಲ ಅತ್ತೆ," ಎಂದೆ. "ಗೋಡೆಗೆ ಅಂತ ಇಟ್ಟಿಗೆ ತಂದಿದ್ರು. ದಿನಾನೂ ಗೊತ್ತು ಮಾಡಿದ್ರು. ನಾನೇ ಬೇಡ ಅಂದೆ. ಆ ಇಟ್ಟಿಗೇಲಿ ನಾನು ಅಡುಗೆಮನೆ ಕಟ್ಟೆ ಮಾಡಿಸ್ಕೊಂಡೆ."

ಮೇಸ್ತ್ರಿ ಎದ್ದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು.

"ಹೌದಮ್ಮ," ಎಂದರು ಅತ್ತೆಗೆ. "ಆ ಇಟ್ಟಿಗೆ ನನ್ನ ಕಣ್ಣೆದುರೇ ಆರಿಸ್ಕೊಂಡ. ಒಡಕಲು ಒಂದನ್ನೂ ಮುಟ್ಟಲಿಲ್ಲ. ತಾರಸಿಗೆ ಅಂತಲೇ ಹೇಳಿದ್ದ. ನೀವು ಸೋಮಾರಿ ಅಂದಾಗೆಲ್ಲ ಹೇಳೋಣ ಅಂತಿದ್ದೆ. ಅತ್ತಿಗೆ ಸುಮ್ನಿದಾರಲ್ಲ, ಮನೆ ವಿಷಯ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಬಿಟ್ಟೆ."

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಕಟ್ಟೆಯ ಮುಂದೆ ತುಂಬಾ ಹೊತ್ತು ನಿಂತರು. ಆಮೇಲೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಯವಾಗುತ್ತಿದೆ. ಆದರೆ ಎದೆಯ ಮೇಲಿಂದ ಏನೋ ಇಳಿದಿದೆ. ಎರಡೂ ಒಟ್ಟಿಗೇ ಇವೆ.

ಜೂನ್ 17, ಸೋಮವಾರ

ಅತ್ತೆ ನಾನು ಬಡಿಸಿದ್ದನ್ನು ಉಂಡರು. ಅಷ್ಟಾದರೂ ಆಯಿತು.

ಜೂನ್ 18, ಮಂಗಳವಾರ

ಕೆಲಸದಿಂದ ಬಂದಾಗ ಅತ್ತೆ ಅಂಗಳದ ಮೆಟ್ಟಿಲ ಮೇಲೆ ಕೂತಿದ್ದರು. ನನಗೆಂದೇ ಕಾಯುತ್ತಿದ್ದರು.

"ನಾಲ್ಕು ತಿಂಗಳು," ಎಂದರು. "ನಾಲ್ಕು ತಿಂಗಳು ನನ್ನ ಬಾಯಿಂದ ನನ್ನ ಮಗನನ್ನ ಸೋಮಾರಿ ಅನ್ನಿಸಿದೆಯಲ್ಲೇ. ನೀನು ಒಳಗೆ ಕೂತು ಕೇಳ್ತಿದ್ದೆ."

"ಹೂಂ ಅತ್ತೆ."

"ಹೂಂ ಅಂತೆ. ಕಟ್ಟೆ ವಿಷಯಕ್ಕೆ ನಾನು ಏನೂ ಅನ್ನಲ್ಲ. ಸೊಂಟ ನೋಯ್ತಿತ್ತು, ಗಂಡನ್ನ ಕೇಳ್ದೆ. ಅವನು ಮಾಡ್ಕೊಟ್ಟ. ಗಂಡ ಅನ್ನೋನು ಮಾಡಬೇಕಾದ್ದೇ ಅದು. ನಾನೂ ವಾಪಸು ಬಂದಾಗ ಕಟ್ಟೆ ನೋಡಿ ಎಷ್ಟು ಚೆನ್ನಾಗಿದೆ ಅಂತ ಹೊಗಳಿದ್ದೆ. ಆದ್ರೆ ಇದು? ಸತ್ತ ಮಗನಿಗೆ ಹೆತ್ತವಳ ಕೈಲಿ ಮಸಿ ಬಳಿಸಿದೆ."

ನಾನು ಅವರ ಕಾಲ ಹತ್ತಿರ ಕೂತುಕೊಂಡೆ. ಮನೆ ಬಿಟ್ಟು ಹೋಗು ಎಂದರೆ ಹೋಗಬೇಕು ಅಂದುಕೊಂಡೆ.

ಅತ್ತೆಯೇ ಮತ್ತೆ ಮಾತಾಡಿದರು, ಈಗ ದನಿ ಇಳಿದಿತ್ತು. "ನಂಗೂ ಏನೋ ಒಂದು ಕಾರಣ ಬೇಕಿತ್ತು ಕಣೇ. ಬಂದೋರು ಹೇಗಾಯ್ತು ಹೇಗಾಯ್ತು ಅಂತಾರೆ. ಸುಮ್ಸುಮ್ನೆ ಸತ್ತ ಅಂತ ಹೇಗೆ ಹೇಳ್ಲಿ? ಸೋಮಾರಿ ಅಂದ್ರೆ ಅವನ ಮೇಲೆ ಸಿಟ್ಟಾದ್ರೂ ಬರ್ತಿತ್ತು. ಸಿಟ್ಟು ಇದ್ದಾಗ ಅಳು ಸ್ವಲ್ಪ ತಡೀತದೆ."

ನಾಲ್ಕು ತಿಂಗಳಲ್ಲಿ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಇದೇ ಮೊದಲು. ಕತ್ತಲಾಗುವ ತನಕ ಮೆಟ್ಟಿಲ ಮೇಲೇ ಇದ್ದೆವು. ಮೋಟುಗೋಡೆಯ ಮಾತು ಬರೆದ ಹಾಳೆಯನ್ನು ಅವರಿಗೆ ಓದಿ ಹೇಳಿದೆ. ಹಕ್ಕಿ, ಹೊಸ್ತಿಲು, ಕೊಡಲಿ, ದಾರಿ, ಎಲ್ಲ ಹೇಳಿದೆ. ಮಾತು ಮುಗಿಯಲೇ ಇಲ್ಲ ನನಗೆ. ಅತ್ತೆ ಮೂಗು ಒರೆಸಿಕೊಂಡು, "ಇಷ್ಟು ವರ್ಷ ದಿನಾ ಓದ್ತೀನಿ, ಈ ಪುಟಗಳನ್ನ ದಾಟಿಸ್ಕೊಂಡೇ ಹೋಗ್ತಿದ್ದೆ," ಎಂದರು. "ಬರೀ ಕಾನೂನು ಅಂತ."

ಒಳಗೆ ಹೋಗುವಾಗ ಹೇಳಿದರು. "ಶನಿವಾರ ನಿಂಗೆ ಅರ್ಧ ದಿನ ತಾನೇ? ನಾನು ಯಾರ್ಯಾರ ಮನೇಲಿ ಸೋಮಾರಿ ಅಂದಿದೀನೋ ಅಲ್ಲಿಗೆಲ್ಲ ಹೋಗಬೇಕು. ಹೇಳಿದ್ದು ನಾನು, ಹೇಳಿಸಿದ್ದು ನೀನು. ಇಬ್ರೂ ಹೋಗೋಣ."

ಜೂನ್ 22, ಶನಿವಾರ

ಇವತ್ತಿನದನ್ನು ಎಲ್ಲ ಬರೆಯಬೇಕು, ಒಂದೂ ಬಿಡಬಾರದು.

ಅತ್ತೆ ಬೆಳಿಗ್ಗೆಯೇ ಒಳ್ಳೆಯ ಸೀರೆ ಉಟ್ಟು ಕೂತಿದ್ದರು. ನಾನು ಬಂದ ಕೂಡಲೇ ಹೊರಟೆವು. ಮೊದಲು ಮೂಲೆಯ ಕಿರಾಣಿ ಅಂಗಡಿ. ಅಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು; ಅವರು ಹೋಗಲಿ ಎಂದು ನಾನು ಪಕ್ಕಕ್ಕೆ ನಿಂತೆ. ಅತ್ತೆ, "ಅಂದದ್ದು ಜನದ ಮುಂದೆ, ಈಗ ಗುಟ್ಟಲ್ಲಿ ಹೇಳೋದಾ?" ಎಂದು ನನ್ನ ರಟ್ಟೆ ಹಿಡಿದು ಮುಂದೆ ನಿಲ್ಲಿಸಿದರು. ಹೇಳಿದೆ. ಇಟ್ಟಿಗೆ, ಭಾನುವಾರ, ಕಟ್ಟೆ. ಅಂಗಡಿಯವರು ತಕ್ಕಡಿ ಕೆಳಗಿಟ್ಟು ಕೇಳಿದರು. "ನಂಗೆ ಮೊದಲೇ ಅನುಮಾನ ಇತ್ತಮ್ಮ," ಎಂದರು. "ನಮ್ಮ ಗೋದಾಮಿನ ನೆಲ ಮೂರು ಸಲ ಕಿತ್ತು ಮೂರು ಸಲ ಹಾಕಿದ ಮನುಷ್ಯ ಸೋಮಾರಿ ಹೇಗಾಗ್ತಾನೆ?"

ಆಮೇಲೆ ನಿವೃತ್ತ ಮೇಷ್ಟ್ರ ಮನೆ. ಅವರಿಗೆ ಕಿವಿ ಮಂದ. ಒಂದು ಸಲ ಹೇಳಿದೆ, ಕೇಳಿಸಲಿಲ್ಲ. ಎರಡನೆಯ ಸಲ ಜೋರಾಗಿ ಹೇಳಿದೆ. "ಯಾರು? ಯಾರು ಸೋಮಾರಿ?" ಎಂದರು. ಅತ್ತೆ ಸೆರಗು ಸಿಕ್ಕಿಸಿಕೊಂಡು, "ಯಾರೂ ಅಲ್ಲ ಮೇಷ್ಟ್ರೇ, ನನ್ನ ಮಗ ಸೋಮಾರಿ ಅಲ್ಲ," ಎಂದು ಕೂಗಿದರು. ಎದುರು ಮನೆಯ ಕಿಟಕಿ ತೆರೆಯಿತು. ಪಕ್ಕದ ಮನೆಯವರು ಹೊರಗೆ ಬಂದರು. ಹೀಗೆ ಆ ಬೀದಿಯ ಮನೆಗಳೆಲ್ಲ ಒಂದೇ ಏಟಿಗೆ ಮುಗಿದವು. ಹೊರಗೆ ಬಂದಾಗ ಅತ್ತೆಗೆ ನಗು ತಡೆಯಲಾಗಲಿಲ್ಲ. ನನಗೂ. ರಸ್ತೆಯಲ್ಲಿ ನಿಂತು ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಯಾರಾದರೂ ನೋಡಿದರೆ ಏನಂದುಕೊಂಡಾರು ಎಂದು ಈಗ ಅನ್ನಿಸುತ್ತಿದೆ, ಆಗ ಅನ್ನಿಸಲಿಲ್ಲ.

ಕೊನೆಗೆ ಟೈಲರಮ್ಮನ ಮನೆ. ಅವರು ಯಂತ್ರ ನಿಲ್ಲಿಸಿ ಕೊರಳಿಗೆ ಟೇಪು ಹಾಕಿಕೊಂಡೇ ಕೇಳಿದರು. ಕೇಳಿ ಮುಗಿದ ಮೇಲೆ ನನ್ನ ಮುಖವನ್ನೇ ನೋಡುತ್ತಾ, "ಹಾಗಾದ್ರೆ ತಪ್ಪು ಯಾರ್ದು?" ಎಂದರು.

ನನ್ನದು ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆ, "ಅದನ್ನ ಕೇಳೋಕೆ ಮೇಲೊಬ್ಬ ಇದಾನೆ," ಎಂದರು. "ನೀನು ಇದು ಹೇಳು. ನಿನ್ನ ತಾರಸಿಗೆ ಗೋಡೆ ಇದೆಯಾ?"

ಟೈಲರಮ್ಮ ತಡವರಿಸಿದರು. "ಮೂರು ಕಡೆ ಇದೆ. ಹಿಂದ್ಗಡೆ ಇಲ್ಲ. ಅಲ್ಲಿ ಯಾರೂ ಹೋಗಲ್ಲಮ್ಮ, ಬಟ್ಟೆ ಒಣಹಾಕೋಕೆ ಮಾತ್ರ."

"ಮೆಟ್ಟಿಲು ಎಲ್ಲಿ?"

ಎಪ್ಪತ್ತು ದಾಟಿದ ಅತ್ತೆ ಮುಂದೆ, ಟೈಲರಮ್ಮ ಹಿಂದೆ, ಕೊನೆಗೆ ನಾನು. ಫೆಬ್ರವರಿಯಿಂದ ಯಾವ ತಾರಸಿಯನ್ನೂ ಹತ್ತಿರಲಿಲ್ಲ. ಮೇಲೆ ಬಿಸಿಲು ಚೆನ್ನಾಗಿತ್ತು. ಹಿಂದಿನ ಕಡೆ ಅಂಚು ಬೋಳಾಗಿತ್ತು, ತಂತಿಯ ಮೇಲೆ ಪುಟ್ಟ ಪುಟ್ಟ ಅಂಗಿಗಳು ಒಣಗುತ್ತಿದ್ದವು. ನಾನು ಎರಡು ಹೆಜ್ಜೆ ಮುಂದೆ ಹೋದೆನೋ ಇಲ್ಲವೋ, ಅತ್ತೆ ನನ್ನ ಮುಂದೆ ತೋಳು ಅಡ್ಡ ಚಾಚಿದರು. ಚಾಚಿದ ತೋಳನ್ನು ಇಳಿಸದೆ ಟೈಲರಮ್ಮನಿಗೆ ಹೇಳಿದರು, "ನಾಳೆ ನಮ್ಮ ಮನೆ ಗೋಡೆ ಶುರು. ಮೇಸ್ತ್ರಿ ಬರ್ತಾನೆ. ಅದು ಮುಗಿದ ತಕ್ಷಣ ಇಲ್ಲಿಗೆ ಕಳಿಸ್ತೀನಿ. ಇಲ್ಲ ಅನ್ನಬೇಡ."

ಟೈಲರಮ್ಮ ಇಲ್ಲ ಅನ್ನಲಿಲ್ಲ. ಕಣ್ಣು ಒರೆಸಿಕೊಂಡು, "ಎಷ್ಟು ಎತ್ತರ ಬೇಕಮ್ಮ?" ಎಂದರು.

"ಇಲ್ಲಿ ತನಕ," ಎಂದು ಅತ್ತೆ ತಮ್ಮ ಎದೆ ಮುಟ್ಟಿ ತೋರಿಸಿದರು.

ಟೈಲರಮ್ಮ ಕೊರಳಿನ ಟೇಪು ತೆಗೆದು, ನೆಲದ ಮೇಲೆ ಮೊಣಕಾಲೂರಿ ಕೂತು, ಅತ್ತೆಯ ಕಾಲ ಬೆರಳಿನಿಂದ ಎದೆಯ ತನಕ ಅಳತೆ ತೆಗೆದರು. ಹೆಬ್ಬೆರಳು ಒತ್ತಿ ಹಿಡಿದು ಓದಿದರು. "ನಲವತ್ತೆರಡು."

"ನಾನು ಕುಳ್ಳಿ," ಎಂದು ಅತ್ತೆ ನನ್ನ ಕಡೆ ತಿರುಗಿದರು. "ನಲವತ್ತೆಂಟು ಅಂತ ಬರ್ಕೋ."

ಬರೆದುಕೊಂಡಿದ್ದೇನೆ. ಟೈಲರಮ್ಮನ ಮನೆ, ಹಿಂದಿನ ಅಂಚು, ಉದ್ದ ಹದಿನೆಂಟು ಅಡಿ, ಎತ್ತರ ನಲವತ್ತೆಂಟು ಇಂಚು.